ಮೈದುನನ ಬಾಡಿಗೆ ಹಾಡುಗಳು

ನನ್ನ ಮೈದುನನ ಹಾಡುಗಳು ಕಳೆದುಹೋಗಲಿಲ್ಲ. ಅವನೇ ಬಿಸಾಡಿದ. ಬೀದಿಯವರ ಮುಂದೆಲ್ಲ "ಫೋನು ನುಂಗಿಬಿಡ್ತು" ಎಂದು ಹೇಳಿಕೊಂಡು ತಿರುಗುತ್ತಾನಲ್ಲ, ನಂಬಬೇಡಿ. ಫೋನಿಗೇನು ಹೊಟ್ಟೆಯಿದೆಯೇ?

ಜಾಲಹಳ್ಳಿಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಅವನಿಗೆ ಕ್ಯಾಸೆಟ್ಟಿನ ಹುಚ್ಚು. ಬೀರುವಿನ ತುಂಬ ಕ್ಯಾಸೆಟ್ಟು. ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ರೇಷ್ಮೆ ಸೀರೆಯನ್ನು ಅಕ್ಕಿ ಡಬ್ಬದ ಮೇಲೆ ಇಡುತ್ತಿದ್ದಳು! ಆಮೇಲೆ ಅದೇ ಹಾಡುಗಳನ್ನು ಸೀಡಿಯಲ್ಲಿ ತಂದ. ಅವು ಬಿಳಿಚಿಕೊಂಡು ತೊದಲತೊಡಗಿದವು. ಪೆನ್ ಡ್ರೈವ್ ತಂದ. ಅದು ಕಡಲೆಕಾಯಿ ಗಾತ್ರದ್ದು. ಕಡಲೆಕಾಯಿ ಸಿಪ್ಪೆಯ ಜೊತೆಗೇ ಕಸಕ್ಕೆ ಹೋಯಿತು. ಗುಡಿಸಿದವನೂ ಅವನೇ!

ಕಡೆಗೆ ಫೋನು.

"ಅತ್ತಿಗೆ, ಲೋಕದ ಹಾಡೆಲ್ಲ ಇದ್ರಲ್ಲೇ ಅವೆ. ಆ ಡಬ್ಬಿಗಳು ಇನ್ಯಾಕೆ?" ಎಂದು ಎರಡು ಚೀಲ ಕ್ಯಾಸೆಟ್ಟು ಗುಜರಿಗೆ ಹಾಕಿದ. ನಾನು ಒಂದಷ್ಟು ಬಾಚಿಕೊಂಡೆ. ಶೆಟ್ಟಿಹಳ್ಳಿಯ ನಮ್ಮ ಹೊಲ ಸೈಟಾಗುವ ಮೊದಲು, ರಾಗಿ ತೆನೆಗೆ ಗುಬ್ಬಿ ಕೂರದಂತೆ ಇಂಥ ಟೇಪನ್ನೇ ಎಳೆದು ಕಟ್ಟುತ್ತಿದ್ದೆವು. ಗಾಳಿಗೆ ರೊಯ್ಯೆನ್ನುತ್ತದೆ, ಹಕ್ಕಿ ಓಡುತ್ತದೆ. ಈಗ ತಾರಸಿಯ ದಂಟಿನ ಸೊಪ್ಪಿಗೆ ಪಾರಿವಾಳದ ಕಾಟ. ಆ ಕ್ಯಾಸೆಟ್ಟುಗಳ ಟೇಪು ಎಳೆದು ಅಲ್ಲೂ ಕಟ್ಟಿದೆ.

ಮೊನ್ನೆ ಬಂದ. ಮುಖ ಸುಟ್ಟ ಬದನೆಕಾಯಿ.

"ಹಾಡೆಲ್ಲ ಮಂಕಾಗ್ಬಿಟ್ಟವೆ ಅತ್ತಿಗೆ. ಒತ್ತಿದ್ರೂ ಬರಲ್ಲ. ಕಂಪನಿಯವ್ರು ವಾಪಸ್ ತಗೊಂಡವ್ರಂತೆ."

"ನಿನ್ ಹಾಡು ಅವ್ರು ಹೆಂಗಪ್ಪ ತಗೊಂಡ್ರು?"

"ನಂದಲ್ಲ. ಕೇಳೋಕ್ ಬಿಟ್ಟಿದ್ರು, ಅಷ್ಟೆ."

"ಅಂದ್ರೆ ಸ್ವಂತ ಮನೆ ಗುಜರಿಗೆ ಹಾಕಿ ಬಾಡಿಗೆ ಮನೆಗೆ ಹೋದೆ ಅನ್ನು!"

ಮೂರು ಮನೆ ಬಾಡಿಗೆಗೆ ಬಿಟ್ಟಿರುವ ನನಗೆ ಅಷ್ಟೂ ತಿಳಿಯದೇ? ನಕ್ಕು ನಕ್ಕು ಸಾಕಾಯಿತು. ಅವನು ನಗಲಿಲ್ಲ. ಫೋನಿನಲ್ಲಿ ಹೆಂಡತಿಯ ಹೆಸರು ಬರೆದು ಹುಡುಕುತ್ತಿದ್ದ. ಅದೇ ಹೆಸರಿನ ಯಾರ್ಯಾರೋ ಗಾಯಕಿಯರು ಬಂದರು.

"ಏನೋ ಇದು? ಅವಳೇನು ಸಿನಿಮಾದಲ್ಲಿ ಹಾಡಿದ್ಲಾ?"

"ಮಗಳ ಮದುವೇಲಿ ಸೋಬಾನೆ ಹೇಳಿದ್ಲಲ್ಲ, ಅತ್ತಿಗೆ. ಅವತ್ತು ಖಾಲಿ ಕ್ಯಾಸೆಟ್ ಇರ್ಲಿಲ್ಲ. ಯಾವ್ದೋ ಸಿನಿಮಾ ಕ್ಯಾಸೆಟ್ಟಿನ ಅಂಚಿನ ತೂತಿಗೆ ಕಾಗ್ದ ತುರುಕಿದ್ರೆ ರೆಕಾರ್ಡ್ ಆಗುತ್ತಲ್ಲ, ಹಂಗೆ ಅದರ ಮೇಲೇ ತುಂಬ್ಸಿದ್ದೆ. ಹೊರಗೆ ಸಿನಿಮಾ ಹೆಸ್ರೇ ಇತ್ತು. ಮರ್ತು... ಗುಜರಿಗೆ ಹಾಕ್ಬಿಟ್ಟೆ."

ಅವಳು ಹೋಗಿ ನಾಲ್ಕು ವರ್ಷ. ಅವಳದು ಕೀರಲು ದನಿ ಎಂದು ಆಡಿಕೊಂಡವಳು ನಾನೇ. ಅದಕ್ಕೂ ಅವಳು ನಗುತ್ತಿದ್ದಳು. ಮೇಲೆ ತಾರಸಿಯಲ್ಲಿ ಟೇಪು ರೊಯ್ಯೆನ್ನುತ್ತಿತ್ತು.

ಮರುದಿನ ಬೆಳಗ್ಗೆ ಕಾಫಿಗೂ ಮೊದಲೇ ತಾರಸಿ ಹತ್ತಿದೆ. ಮೂಲೆಯಲ್ಲಿ ಬಿದ್ದಿದ್ದ, ಟೇಪು ಕಿತ್ತ ಖಾಲಿ ಕ್ಯಾಸೆಟ್ ಡಬ್ಬಿಗಳನ್ನು ಒಂದೊಂದಾಗಿ ತಿರುವಿ ನೋಡಿದೆ. ಒಂದರ ತೂತಿನಲ್ಲಿ ಕಾಗದ ತುರುಕಿತ್ತು. ಕಟ್ಟಿದ್ದರಲ್ಲಿ ಅದರ ಟೇಪು ಯಾವುದು, ಯಾರು ಬಲ್ಲರು? ಎಲ್ಲ ಟೇಪಿನ ಗಂಟು ಬಿಚ್ಚಿ, ಮೊಮ್ಮಗಳ ಪೆನ್ಸಿಲ್ಲಿಗೆ ಸುತ್ತುತ್ತಾ ಕೂತೆ. ಪಾರಿವಾಳಗಳು ಬಂದು ಸೊಪ್ಪಿನ ಮೇಲೆ ಇಳಿದವು.

ತಿನ್ನಲಿ.