ಬನ್ನಿಯ ಜೊತೆ ಹೋದ ಹೂವಿನ ಕಾರ್ಡು

ಹೆಂಡತಿಗೆ ಕೃತಜ್ಞತೆ ಹೇಳುವುದು ಇಷ್ಟು ಕಷ್ಟವೆಂದು ಯಾವ ಪಠ್ಯಪುಸ್ತಕವೂ ನನಗೆ ಕಲಿಸಿರಲಿಲ್ಲ. ನಾನು ಬಬಲೇಶ್ವರದಲ್ಲಿ ಕನ್ನಡ ಕಲಿಸಿ ನಿವೃತ್ತನಾಗಿ, ಈಗ ಇಬ್ರಾಹಿಂಪುರದ ಓಣಿಯೊಂದರಲ್ಲಿ ನೆಲೆಸಿರುವ ಮಾಸ್ತರ. ‘ಪೂರ್ಣ ವಾಕ್ಯದಲ್ಲಿ ಉತ್ತರಿಸು’ ಎಂದು ಮಕ್ಕಳನ್ನು ಗೋಳು ಹೊಯ್ದುಕೊಂಡವನು. ಆದರೆ ವಿದ್ಯಾವತಿಯ ಎದುರು ನಿಂತರೆ ನನ್ನ ಸಕಲ ವಾಕ್ಸಾಮರ್ಥ್ಯವೂ ‘ಹೂಂ’, ‘ಚಹಾ’ ಎಂಬಲ್ಲಿಗೆ ಮುಗಿಯುತ್ತದೆ.

ಈ ಬೇಸಿಗೆಯಲ್ಲಿ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡೆ. (ಬಿದ್ದವನೂ ನಾನೇ, ಬೈಸಿಕೊಂಡವನೂ ನಾನೇ.) ಕಟ್ಟು ಬಿಚ್ಚುವವರೆಗೂ ವಿದ್ಯಾವತಿ ರೊಟ್ಟಿ ಮುರಿದು, ಪಲ್ಯ ಹಚ್ಚಿ, ತುತ್ತು ಮಾಡಿ ಉಣ್ಣಿಸಿದಳು. ಅದಕ್ಕೊಂದು ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅವಳು ಇನ್ನೊಂದು ತುತ್ತು ತುರುಕುತ್ತಿದ್ದಳು.

ಬೆರಳಿಗೆ ವ್ಯಾಯಾಮವಾಗಲೆಂದು ತಿಕೋಟಾದಲ್ಲಿರುವ ಮಗಳು ಮಾಲಾ ಒಂದು ಯಂತ್ರ ಕಳಿಸಿದಳು. ಹೂವಿನಾಕಾರದ ಉಕ್ಕಿನ ಅಚ್ಚನ್ನು ಕಾಗದದ ಮೇಲಿಟ್ಟು ಹಿಡಿಕೆ ತಿರುವಿದರೆ ದಾಸವಾಳ, ಸೇವಂತಿಗೆಗಳು ಕತ್ತರಿಸಿಕೊಂಡು ಬರುತ್ತವೆ. ಅವಕ್ಕೆ ಜಲವರ್ಣ ಬಳಿದು ಶುಭಾಶಯದ ಕಾರ್ಡಿಗೆ ಅಂಟಿಸಬೇಕು. ಬಾಯಲ್ಲಿ ಬಾರದ ಕೃತಜ್ಞತೆಯನ್ನು ಕಾರ್ಡಿನಲ್ಲಿ ಬರೆದು ಕೊಟ್ಟರಾಯಿತೆಂದು ಸ್ಟೇಷನ್ ರಸ್ತೆಗೆ ಹೋಗಿ ಬಣ್ಣ, ಕುಂಚ ತಂದೆ. ಹಿಡಿಕೆ ತಿರುವಲು ಮಾತ್ರ ಕೈಗೆ ಬಲವಿರಲಿಲ್ಲ.

“ಸರೀರಿ ಆ ಕಡೆ,” ಎಂದಳು ವಿದ್ಯಾವತಿ. “ಶ್ಯಾವಿಗಿ ಮಷಿನ್ ತಿರುವಿದ ಕೈ ಐತಿ ಇದು.”

ಹೀಗೆ ತನ್ನ ಕಾರ್ಡಿನ ಹೂವನ್ನು ತಾನೇ ಕತ್ತರಿಸಿಕೊಟ್ಟಳು, ಪಾಪ, ಗೊತ್ತಿಲ್ಲದೆ. ನನ್ನ ಕುಂಚ ನೀರು ಕುಡಿದದ್ದು ಹೆಚ್ಚಾಗಿ, ಮೊದಲ ಸೇವಂತಿಗೆ ಒಣಗುವಷ್ಟರಲ್ಲಿ ಬದನೆಕಾಯಿಯಾಯಿತು. ಛಲ ಬಿಡಲಿಲ್ಲ. ದಸರೆಯ ಹೊತ್ತಿಗೆ ಓಣಿಯವರಿಗೆಲ್ಲ ಆಗುವಷ್ಟು ಕಾರ್ಡುಗಳಾದವು. ಎಲ್ಲಕ್ಕಿಂತ ಚೆಲುವಾದ ದಾಸವಾಳದ ಕಾರ್ಡಿನ ಒಳಗೆ, ಹೆಸರು ಹಾಕಲು ನಾಚಿ, ಇಷ್ಟೇ ಬರೆದೆ: ‘ನೀನು ಉಣ್ಣಿಸಿದ ತುತ್ತಿನ ರುಚಿಗೆ, ಈ ಕೈ ಇನ್ನೂ ಕೆಲವು ದಿನ ಮುರಿದೇ ಇರಬಾರದಿತ್ತೇ ಎನಿಸಿತು.’

ಅಲ್ಲಿಗೆ ನಿಲ್ಲಬೇಕಿತ್ತು. ಹಬ್ಬದ ಶೋಭೆಗೆಂದು ಪ್ರತಿ ಕಾರ್ಡಿಗೂ ಬನ್ನಿ ಎಲೆ ಸಿಕ್ಕಿಸಿ, ಆ ದಾಸವಾಳವನ್ನೂ ಸೇರಿಸಿ ಕಾರ್ಡುಗಳನ್ನೆಲ್ಲ ಅಗಲ ತಟ್ಟೆಯಂಥ ಪರಾತದಲ್ಲಿಟ್ಟೆ. ನಮ್ಮಲ್ಲಿ ಬನ್ನಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಈ ಮನೆಯಲ್ಲಿ ಪಡೆದದ್ದನ್ನು ಮುಂದಿನ ಮನೆಯಲ್ಲಿ ಕೊಟ್ಟು ಕೈಮುಗಿಯುವುದು ಪದ್ಧತಿ. ಇದು ತಿಳಿದೂ ತಿಳಿದೂ ನಾನು ಧೋತರ ಉಡಲು ಒಳಗೆ ಹೋದೆ.

ಹೊರಬರುವಷ್ಟರಲ್ಲಿ, ಬನ್ನಿ ಕೊಡಲು ಬಂದವರಿಗೆಲ್ಲ ಹಂಚಿ ವಿದ್ಯಾವತಿ ಪರಾತ ಬರಿದು ಮಾಡಿದ್ದಳು.

“ದಾಸವಾಳದ್ದು ಎಲ್ಲೈತಿ?”

“ಸಾದಿಕಗ ಕೊಟ್ನಿರಿ. ಕೈ ಮುರದಾಗ ಆಟೋದಾಗ ದವಾಖಾನಿಗೆ ಒಯ್ದಾನಲ್ಲ. ಛಲೋದು ಅವಗಿರ್ಲಿ ಅಂದೆ.”

ಚಪ್ಪಲಿ ಮೆಟ್ಟುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಶಂಕ್ರೆವ್ವ ಕೋಲೂರುತ್ತ ಬಂದಳು. ಕೈಯಲ್ಲಿ ನನ್ನ ದಾಸವಾಳ! ಹಿಂದೆ ತಲೆ ತಗ್ಗಿಸಿದ ಸಾದಿಕ, ಅವನ ಹಿಂದೆ ಅರ್ಧ ಓಣಿ.

“ಯಪ್ಪಾ ಮಾಸ್ತರ, ಈ ಸಾದಿಕ ಬನ್ನಿ ಅಂತ ನಿನ್ನ ಕಾರ್ಡ ಕೊಟ್ಟ, ಓದಲೇ ಅಂದ್ರ ಓದಿದ. ನಾ ನಿನಗ ಎಂದ ತುತ್ತ ಉಣಿಸೇನೋ? ಈ ವಯಸ್ಸಿನ್ಯಾಗ ನನ್ನ ಮರ್ಯಾದಿ ತಗೀಬ್ಯಾಡ!”

“ನಾನೂ ಉಣಿಸಿಲ್ರಿ ಸರ,” ಎಂದ ಸಾದಿಕ. “ಆಟೋದಾಗ ನೀರು ಅಷ್ಟ ಕುಡಿಸೀನಿ.”

ವಿದ್ಯಾವತಿ ಕಾರ್ಡು ಇಸಿದುಕೊಂಡು ಓದಿದಳು. ಮತ್ತೊಮ್ಮೆ ಓದಿದಳು. ಕಿವಿಯವರೆಗೂ ದಾಸವಾಳವಾದಳು. ನನ್ನ ಬಣ್ಣಕ್ಕೆ ಅಂಥ ಕೆಂಪು ಒಮ್ಮೆಯೂ ದಕ್ಕಿರಲಿಲ್ಲ.

“ಇದು ಯಾರಿಗ್ರಿ?”

“ಹೂಂ,” ಎಂದೆ.

“ಹೂಂ ಅಂದ್ರ? ಓಣಿಯೆಲ್ಲ ಕೇಳೇತಿ, ನಾನೂ ನಿಮ್ಮ ಬಾಯಿಲೆ ಕೇಳ್ತೀನಿ. ಪೂರ್ಣ ವಾಕ್ಯದಾಗ ಹೇಳ್ರಿ ಮಾಸ್ತರ!”

ಇಬ್ರಾಹಿಂಪುರದ ಅರ್ಧ ಓಣಿಯ ಸಮಕ್ಷಮದಲ್ಲಿ, ತಪ್ಪಿಸಿಕೊಳ್ಳಲೆಂದೇ ಇಷ್ಟೆಲ್ಲ ಕಾಗದ ಕತ್ತರಿಸಿದ ಆ ಮಾತನ್ನು, ಕರ್ತೃ ಕರ್ಮ ಕ್ರಿಯಾಪದಗಳ ಸಮೇತ ಹೇಳಿದೆ. ಸಾದಿಕ ಚಪ್ಪಾಳೆ ಹೊಡೆದ. ಶಂಕ್ರೆವ್ವ, “ಇಷ್ಟ ಹೇಳಾಕ ಇಷ್ಟು ವರ್ಸ ಬೇಕಾತೇನ ಬೇ ವಿದ್ಯಾ?” ಎಂದು ಸೆರಗಿನಲ್ಲಿ ನಕ್ಕಳು.

ವಿದ್ಯಾವತಿ ಬನ್ನಿ ಎಲೆಯನ್ನು ಬಿಡಿಸಿ ಶಂಕ್ರೆವ್ವನಿಗೆ ಕೊಟ್ಟು ಕಾಲು ಮುಟ್ಟಿದಳು. ಕಾರ್ಡನ್ನು ತಾನೇ ಇಟ್ಟುಕೊಂಡಳು. ಆಮೇಲೆ ನನ್ನ ಬಲಗೈ ಹಿಡಿದು ತಿರುಗಿಸಿ ನೋಡಿದಳು.

“ಹೂವಿನ ಇಷ್ಟು ಸಣ್ಣ ಪಕಳಿ ಬರೀತೈತಿ ಅಂದ್ರ ಕೈ ನೆಟ್ಟಗಾತು. ನಾಳಿಂದ ಜ್ವಾಳದ ಹಿಟ್ಟು ನೀವ ನಾದ್ರಿ. ವ್ಯಾಯಾಮ!”

ಅಂದಿನಿಂದ ನಾದುತ್ತಿದ್ದೇನೆ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಕೂತವನನ್ನು ನೋಡಿ, ಒಲೆಯ ಮೇಲಿನ ಮೊದಲ ರೊಟ್ಟಿ ಮುರಿದು, ಪಲ್ಯ ಹಚ್ಚಿ, “ಆ ಅನ್ರಿ” ಎನ್ನುತ್ತಾಳೆ. ನಾನು ಕೈ ತೊಳೆಯಲು ಅವಸರ ಮಾಡುವುದಿಲ್ಲ.