ಮೂಲೆ ಪಿನ್ನಿನ ಹಂಚಿಕೆ

ಹಲಸೂರು ಕೆರೆ ಕೋಡಿ ಬಿದ್ದ ವರ್ಷ ಆ ನೀರನ್ನು ಅಂಗೈ ಅಡ್ಡ ಇಟ್ಟು ತಡೆದವನು ನಾನೇ. ಕಣ್ಣಾರೆ ಕಂಡವರು ಮೂವರು. ಮೂವರೂ ಈಗ ಕಲ್ಪಳ್ಳಿ ಸ್ಮಶಾನದಲ್ಲಿದ್ದಾರೆ, ಬೇಕಾದವರು ಹೋಗಿ ವಿಚಾರಿಸಬಹುದು. ಇಂಥವನನ್ನು ನಮ್ಮ ಇಪ್ಪತ್ತಾರು ಮನೆಗಳ ನಿವಾಸಿಗಳ ಸಂಘವು ಪಂಪಿನ ಕೆಲಸಕ್ಕೆ ಇಟ್ಟುಕೊಂಡು, ಪಂಪಿನ ಕೋಣೆಯಲ್ಲೇ ಮಲಗಲು ಜಾಗ ಕೊಟ್ಟಿತ್ತು.

ಹೋದ ವರ್ಷ ಎರಡು ಸಲ ಟ್ಯಾಂಕು ತುಂಬಿ ಹರಿಯಿತು. ಆಗ ನಾನು ಕಣ್ಣು ಮುಚ್ಚಿ ಯೋಚನೆ ಮಾಡುತ್ತಿದ್ದೆ, ಅದು ಬೇರೆ ವಿಷಯ. ಸಂಘವು ಸಭೆ ಸೇರಿ, ನೀರು ತುಂಬಿದ ಕೂಡಲೇ ತಾನೇ ಪಂಪು ಆರಿಸುವಂಥ ಅಗ್ಗದ ಮೈಕ್ರೊಕಂಟ್ರೋಲರ್ ಒಂದನ್ನು ಕೊಳ್ಳತಕ್ಕದ್ದೆಂದೂ, ಅದನ್ನು ಜೋಡಿಸಿದ ದಿನವೇ ಮುನಿಕೃಷ್ಣಪ್ಪನು ಕೋಣೆ ಖಾಲಿ ಮಾಡತಕ್ಕದ್ದೆಂದೂ ನಿರ್ಣಯಿಸಿತು. ಮುನಿಕೃಷ್ಣಪ್ಪ ಅಂದರೆ ನಾನು. ಓದಲು ಬರದು, ಆದರೆ ನಿರ್ಣಯ ಪೂರ್ತಿ ಬಾಯಿಪಾಠ.

ಮೂರನೇ ಮನೆಯ ಇಂಜಿನಿಯರ್ ಸೃಷ್ಟಿ ಎರಡು ಮಾದರಿ ತಂದು ಮೇಜಿನ ಮೇಲಿಟ್ಟಳು. ಒಂದಕ್ಕೆ ತಂತಿ ಸಿಕ್ಕಿಸುವ ಪಿನ್ನು ಎಂಟು, ಬೆಲೆ ಅರವತ್ತು ರೂಪಾಯಿ. ಇನ್ನೊಂದಕ್ಕೆ ಪಿನ್ನು ಮೂವತ್ತು, ಬೆಲೆ ನೂರ ಎಂಬತ್ತು. ನಮ್ಮ ಪಂಪಿಗೆ ನಾಲ್ಕು ಪಿನ್ನು ಸಾಕು, ಚಿಕ್ಕದೇ ತಗೊಳ್ಳಿ ಅಂದಳು. ಅಧ್ಯಕ್ಷ ಶ್ರೀರಾಮಪ್ಪನವರು ಸೈಟು ಮಾರಿ ಮೇಲೆ ಬಂದವರು. ಪಿನ್ನಿನ ಲೆಕ್ಕದಲ್ಲಿ ಚಿಕ್ಕದು ಏಳೂವರೆಗೆ ಬೀಳುತ್ತದೆ, ದೊಡ್ಡದು ಆರಕ್ಕೆ, ಆದ್ದರಿಂದ ದೊಡ್ಡದೇ ಅಗ್ಗ ಎಂದು ತೀರ್ಮಾನಿಸಿದರು.

ಟೀ ಹಂಚುತ್ತಿದ್ದ ನಾನು ಒಂದೇ ಮಾತು ಕೇಳಿದೆ. "ಮಿಕ್ಕಿದ ಇಪ್ಪತ್ತಾರು ಪಿನ್ನು ಯಾರ ಹೆಸರಿಗೆ ಬರ್ತವೆ ಸ್ವಾಮಿ?"

ಸಭೆಯವರು ಬೆರಳು ಮಡಿಸಿ ಎಣಿಸತೊಡಗಿದರು. ಮನೆಗಳೂ ಇಪ್ಪತ್ತಾರು.

ಮರುದಿನವೇ ಗೋಡೆಗೆ ಪ್ರಕಟಣೆ ಅಂಟಿತು: "ಮೈಕ್ರೊಕಂಟ್ರೋಲರಿನ ಪಿನ್ನುಗಳನ್ನು ಸದಸ್ಯರಿಗೆ ಚೀಟಿ ಎತ್ತಿ ಹಂಚಲಾಗುವುದು. ಮೂಲೆ ಪಿನ್ನುಗಳನ್ನು ಹರಾಜು ಹಾಕಲಾಗುವುದು. ಹಂಚಿಕೆಯಾದ ಪಿನ್ನನ್ನು ಹತ್ತು ವರ್ಷ ಪರಭಾರೆ ಮಾಡತಕ್ಕದ್ದಲ್ಲ." ಪಂಪಿನ ನಾಲ್ಕು ಪಿನ್ನುಗಳನ್ನು ಸಾರ್ವಜನಿಕ ಸೌಲಭ್ಯಕ್ಕೆಂದು ಮೀಸಲಿಟ್ಟರು. ಹತ್ತನೇ ಮನೆಯ ಸುಭದ್ರಮ್ಮನವರು ತಮಗೆ ಈಶಾನ್ಯದ ಪಿನ್ನೇ ಆಗಬೇಕೆಂದರು. ಪಿನ್ನುಗಳಿರುವ ಬೋರ್ಡು ತಿರುಗಿಸಿದರೆ ಯಾವ ಮೂಲೆ ಬೇಕಾದರೂ ಈಶಾನ್ಯವಾಗುತ್ತದೆ ಎಂದು ಸೃಷ್ಟಿ ಬಾಯಿ ಬಿಟ್ಟದ್ದರಿಂದ, ಬೋರ್ಡನ್ನು ಯಾರೂ ತಿರುಗಿಸಕೂಡದೆಂಬ ನಿಯಮ ಸೇರಿತು.

ಮೂರು ತಿಂಗಳಲ್ಲಿ ಮೀಸಲು ಪಿನ್ನುಗಳು ಅಧ್ಯಕ್ಷರ ವಿವೇಚನಾ ಕೋಟಾದಡಿ ಅವರ ನಾಲ್ವರು ಭಾವಮೈದಂದಿರ ಪಾಲಾದವು. ಪಂಪಿಗೆ ಪಿನ್ನು ಉಳಿಯಲಿಲ್ಲ. ಬೋರ್ಡಿಗೆ ಗಾಜಿನ ಪೆಟ್ಟಿಗೆ ಮಾಡಿಸಿ, ಪಂಪಿನ ಕೋಣೆಯಲ್ಲೇ ಇಟ್ಟು, ಕಾವಲಿಗೆ ನನ್ನನ್ನೇ ನೇಮಿಸಿದರು. ಟ್ಯಾಂಕು ಈಗಲೂ ತುಂಬಿ ಹರಿಯುತ್ತದೆ. ಎಲ್ಲರೂ ಪಿನ್ನಿನ ಒಡೆಯರಾದ್ದರಿಂದ ಯಾರದೂ ದೂರಿಲ್ಲ.

ಮೊನ್ನೆ ವಾಜಿದನ ಟೀ ಅಂಗಡಿಯಲ್ಲಿ ಇದನ್ನೆಲ್ಲ ಹೇಳುತ್ತಾ, ನನಗೂ ಒಂದು ಮೂಲೆ ಪಿನ್ನು ಇದೆ ಅಂದೆ. ಪಕ್ಕದಲ್ಲಿದ್ದ ಸೃಷ್ಟಿ ಲೋಟ ಕೆಳಗಿಟ್ಟಳು.

"ತಾತ, ಮನೆಗಳಿಗೆ ಇಪ್ಪತ್ತಾರು, ಭಾವಮೈದಂದಿರಿಗೆ ನಾಲ್ಕು. ಮೂವತ್ತೂ ಮುಗೀತಲ್ಲ. ನಿಮ್ಮದೆಲ್ಲಿಂದ ಬಂತು?"

ನಾನು ಭುಜ ಹಾರಿಸಿದೆ.

"ಒತ್ತುವರಿ ಕಣಮ್ಮ. ಸಕ್ರಮಕ್ಕೆ ಅರ್ಜಿ ಹಾಕಿದೀನಿ."