ಗೌರಿಯ ಚುಚ್ಚುಮದ್ದಿಗೆ ಒಳಗಿನ ಒಪ್ಪಿಗೆ

ನನ್ನ ಸೋದರಮಾವ ಜೀವನದಲ್ಲಿ ಒಂದೇ ಒಂದು ತೀರ್ಮಾನವನ್ನೂ ಸ್ವಂತವಾಗಿ ಮಾಡಿದವರಲ್ಲ ಎಂದು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ. ಅಂಗಿಯ ಬಣ್ಣವಿರಲಿ, ಪಂಚಾಯಿತಿಯ ಓಟಿರಲಿ, ಅವರದು ಒಂದೇ ಉತ್ತರ: "ಒಳಗೆ ಕೇಳಿ ಹೇಳ್ತೀನಿ." ಒಳಗೆ ಇರುವವರು ನಮ್ಮ ಅತ್ತೆ. ಒಮ್ಮೆ ಕೊಪ್ಪದ ಕ್ಷೌರದಂಗಡಿಯಲ್ಲಿ "ಮೀಸೆ ಇರ್ಲಾ, ತೆಗೀಲಾ?" ಎಂದು ಕೇಳಿದ್ದಕ್ಕೆ ನೊರೆ ಮೆತ್ತಿದ ಮುಖದಲ್ಲೇ ಮನೆಗೆ ಫೋನ್ ಮಾಡಿದ್ದರು. ಮೀಸೆ ಉಳಿಯಿತು.

ಇಂಥವರು ಕುದುರೆ ಸಾಕಿದ್ದಾರೆ ಎಂದರೆ ನಂಬುತ್ತೀರಾ? ತೀರ್ಮಾನಿಸಿ ಸಾಕಿದ್ದಲ್ಲ ಬಿಡಿ. ಶೃಂಗೇರಿ ಕಡೆ ಮದುವೆ ದಿಬ್ಬಣಕ್ಕೆ ಕುದುರೆ ಕೊಡುತ್ತಿದ್ದವನೊಬ್ಬ ಕಡಹಿನಬೈಲಿನ ಇವರ ಮನೆ ಮುಂದೆ ನಿಂತು, "ಇದಕ್ಕೆ ಕಾಲು ನೋವು, ನಾಲ್ಕು ದಿನ ನೋಡ್ಕಳ್ತೀರಾ ಅಣ್ಣ?" ಎಂದ. ಮಾವ ಒಳಗೆ ಕೇಳಲು ಹೋದರು. ಹೊರಗೆ ಬರುವಷ್ಟರಲ್ಲಿ ಅಂಗಳದಲ್ಲಿ ಕುದುರೆ ಮಾತ್ರ ನಿಂತಿತ್ತು. ಆ ನಾಲ್ಕು ದಿನ ಮುಗಿಯದೆ ಐದು ವರ್ಷವಾಗಿದೆ. ಕೊಟ್ಟಿಗೆಯಲ್ಲಿ ಹುಟ್ಟಿದ್ದನ್ನೆಲ್ಲ ಗೌರಿ ಎಂದು ಕರೆಯುವ ಅತ್ತೆ ಇದನ್ನೂ ಗೌರಿ ಎಂದೇ ಕರೆದು ಅಕ್ಕಿ ತೊಳೆದ ನೀರಿನ ಅಕ್ಕಚ್ಚನ್ನು ಒಂದು ಬಾನಿ ಕುಡಿಸಿದರು.

ಪಂಚಾಯಿತಿಯ ಕಸದ ಗಾಡಿ ಹಾಡು ಹಾಕಿಕೊಂಡು ಬಂದರೆ ಗೌರಿಗೆ ಹಳೆಯ ದಿಬ್ಬಣಗಳ ನೆನಪು. ಒಂದು ಬೆಳಿಗ್ಗೆ ಹಗ್ಗ ಬಿಡಿಸಿಕೊಂಡು, ಕುತ್ತಿಗೆ ಕೊಂಕಿಸಿ, ಗಾಡಿಯ ಹಿಂದೆ ಹೆಜ್ಜೆ ಹಾಕುತ್ತ ಹೊರಟೇಬಿಟ್ಟಿತು. ಅದರ ಹಿಂದೆ ಒಣಕಸದ ಬುಟ್ಟಿ ಹಿಡಿದು ಓಡುವ ಮಾವ. ಮದುಮಗನೊಬ್ಬ ಇರಲಿಲ್ಲ ಎನ್ನುವುದು ಬಿಟ್ಟರೆ ದಿಬ್ಬಣಕ್ಕೆ ಯಾವ ಕೊರತೆಯೂ ಇರಲಿಲ್ಲ!

ಈ ಮಳೆಗಾಲದಲ್ಲಿ ಮಾತ್ರ ನಗು ನಿಂತಿತು. ಪಕ್ಕದ ಜಿಲ್ಲೆಯಲ್ಲೆಲ್ಲೋ ಸೊಳ್ಳೆ ಕಚ್ಚಿ ಮೆದುಳು ಜ್ವರ ಬಂದು ಒಂದು ಕುದುರೆ ಸತ್ತಿದೆ ಎಂಬ ಸುದ್ದಿ ಮಾವನ ಮೊಬೈಲಿಗೆ ಬಂತು. ಅವರು ಎನ್.ಆರ್.ಪುರದಿಂದ ದನದ ಡಾಕ್ಟರನ್ನು ಕರೆಸಿದರು.

"ಗದ್ದೇಲಿ ನೀರು ನಿಂತಿದೆ, ಈ ಜ್ವರದ ವಿಷ ಹೊತ್ಕೊಂಡು ತಿರ್ಗೋ ಬೆಳ್ಳಕ್ಕಿ ಇದಾವೆ, ಸೊಳ್ಳೆಯಂತೂ ಕೇಳೋದೇ ಬೇಡ," ಎಂದರು ಡಾಕ್ಟರು. "ಕಾಯಿಲೆ ಬಂದ್ಮೇಲೆ ಔಷಧಿ ಇಲ್ಲ. ಮೊದ್ಲೇ ಲಸಿಕೆ ಹಾಕ್ಸಿದ್ರೆ ಒಳ್ಳೇದು. ಇಲ್ಲಿ ಸಿಗಲ್ಲ, ಹೊರಗಿಂದ ತರಿಸ್ಬೇಕು."

"ಹಾಕ್ಸಿದ್ರೆ ಎಂತದೂ ಆಗಲ್ಲ ಅಲ್ದಾ?"

"ಒಂದೆರಡು ದಿನ ಜ್ವರ, ಬಾವು ಬರಬಹುದು. ವಯಸ್ಸಾದ ಕುದುರೆ. ಎಂತದೂ ಆಗೋದೇ ಇಲ್ಲ ಅಂತ ನಾನು ಬರ್ದು ಕೊಡಕ್ಕಾಗಲ್ಲ."

ಈ ಕೊನೆಯ ಮಾತು ಮಾವನ ಎದೆಯಲ್ಲಿ ಕೂತುಬಿಟ್ಟಿತು. ಕೊಪ್ಪದಲ್ಲಿ ಮೇಷ್ಟರಾಗಿರುವ ನನಗೆ ದಿನಕ್ಕೆ ನಾಲ್ಕು ಸಲ ಫೋನ್. "ಹಾಕ್ಸಿ ಎಂತಾದ್ರೂ ಆದ್ರೆ ನಾನೇ ಕೊಂದ ಹಾಂಗಾಯ್ತು. ಹಾಕ್ಸದೆ ಎಂತಾದ್ರೂ ಆದ್ರೂ ನಾನೇ ಕೊಂದ ಹಾಂಗಾಯ್ತು. ಎರಡ್ರಲ್ಲೂ ನಾನೇ ಮಾರಾಯ." ನಡುವೆ ಸಂತೆಯಿಂದ ಎರಡು ಸೊಳ್ಳೆಪರದೆ ತಂದು, ಜೋಡಿಸಿ ಹೊಲಿದು ಕೊಟ್ಟಿಗೆಗೆ ಕಟ್ಟಿದರು. ಗೌರಿ ಒಂದು ಮೂಲೆಯಿಂದ ಅದನ್ನು ತಿನ್ನತೊಡಗಿತು. ಅಲ್ಲಿಗೆ ಚಿಂತೆ ಎರಡಾಯಿತು: ಸೊಳ್ಳೆಯದೊಂದು, ನೈಲಾನ್ ಹೊಟ್ಟೆಯಲ್ಲಿ ಕರಗುತ್ತದೋ ಇಲ್ಲವೋ ಎಂಬುದಿನ್ನೊಂದು! ಗೌರಿ ತಲೆ ತಗ್ಗಿಸಿದರೆ ಜ್ವರ ಬಂತೇ ಎಂಬ ಹೆದರಿಕೆ, ಎತ್ತಿದರೆ ಯಾಕೆ ಎತ್ತಿತು ಎಂಬ ಹೆದರಿಕೆ. ತಮಾಷೆ ಮಾಡುತ್ತಿದ್ದ ನನಗೂ ಬರಬರುತ್ತ ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳತೊಡಗಿತು.

ಕಾದು ಕಾದು ಡಾಕ್ಟರೇ ಲಸಿಕೆ ತರಿಸಿ, ಒಂದು ಭಾನುವಾರ ಐಸ್ ಪೆಟ್ಟಿಗೆ ಹಿಡಿದು ಬಂದರು. ನಾನೂ ಹೋಗಿದ್ದೆ.

"ಬೇಕೋ ಬೇಡ್ವೋ ಈಗ್ಲೇ ಹೇಳಿ. ಐಸ್ ಕರಗ್ತಾ ಇದೆ."

"ಒಳಗೆ ಕೇಳಿ ಹೇಳ್ತೀನಿ," ಎಂದು ಮಾವ ಹೊರಟರು.

ಡಾಕ್ಟರು ನನ್ನತ್ತ ಕಣ್ಣು ಮಿಟುಕಿಸಿದರು. "ಹೆಂಡ್ತಿ ಕಂಡ್ರೆ ನಿಮ್ಮ ಮಾವಂಗೆ ಇಷ್ಟು ಹೆದ್ರಿಕೆಯಾ ಮೇಷ್ಟ್ರೇ?"

ನನಗೆ ನಗು ಬರಲಿಲ್ಲ. ಅತ್ತೆಗೆ ಕಳೆದ ವರ್ಷ ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿದೆ ಎಂಬುದು ಡಾಕ್ಟರಿಗೆ ಗೊತ್ತಿರಲಿಲ್ಲ. ಅತ್ತೆ ಹೇಳುವುದು ನಿಂತರೂ ಮಾವ ಕೇಳುವುದನ್ನು ನಿಲ್ಲಿಸಿಲ್ಲ. ಅದನ್ನೂ ನಾವು ಅವರ ಹುಚ್ಚುಗಳ ಪಟ್ಟಿಗೇ ಸೇರಿಸಿ ನಕ್ಕಿದ್ದೆವು.

ಹಿಂದಿನಿಂದ ಹೋಗಿ ಬಾಗಿಲಲ್ಲಿ ನಿಂತೆ. ಮಾವ ಮಂಚದ ಅಂಚಿನಲ್ಲಿ ಕೂತು ಎಲ್ಲವನ್ನೂ ಮೊದಲಿನಿಂದ ಹೇಳಿದರು: ಗದ್ದೆಯ ನೀರು, ಬೆಳ್ಳಕ್ಕಿ, ಸತ್ತ ಕುದುರೆ, ಡಾಕ್ಟರು ಬರೆದುಕೊಡದ ಮಾತು, ಒಂದನ್ನೂ ಬಿಡದೆ. "ಎಂತ ಮಾಡಾದು ಈಗ?" ಎಂದು ಕೇಳಿ, ಉತ್ತರ ಬಂದೇ ಬರುತ್ತದೆ ಎನ್ನುವವರಂತೆ ಕಾದರು. ಅತ್ತೆ ಅವರ ಮುಖವನ್ನೇ ನೋಡುತ್ತಿದ್ದರು. ತುಂಬ ಹೊತ್ತಿನ ಮೇಲೆ ಮಾವ ಹೊದಿಕೆ ಸರಿಮಾಡಿ ಎದ್ದು ಹೊರಗೆ ಬಂದರು.

"ಹಾಕಿ ಡಾಕ್ಟ್ರೇ."

ಗೌರಿಯ ಕುತ್ತಿಗೆಯನ್ನು ಎರಡೂ ಕೈಯಲ್ಲಿ ತಬ್ಬಿ ಕಣ್ಣು ಮುಚ್ಚಿದರು. ಸೂಜಿ ಇಳಿಯಿತು. ಗೌರಿ ಸುಮ್ಮನೆ ನಿಂತಿತ್ತು. "ಅಯ್ಯಮ್ಮಾ" ಎಂದವರು ಮಾವ.

"ಅಂತೂ ನೀವೇ ತೀರ್ಮಾನ ಮಾಡಿದ್ರಿ ಮಾವ," ಎಂದೆ.

"ನಾನೆಲ್ಲಿ ಮಾಡ್ದೆ ಮಾರಾಯ, ಒಳಗೆ ಹೇಳಿದ್ದಲ್ವಾ," ಎಂದರು. ಅವರ ಕೈ ಇನ್ನೂ ಗೌರಿಯ ಕುತ್ತಿಗೆ ಬಿಟ್ಟಿರಲಿಲ್ಲ.

ಮೂರು ದಿನ ಗೌರಿ ಮೇವು ಮುಟ್ಟಲಿಲ್ಲ. ಮಾವನೂ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ಬೆಳಿಗ್ಗೆ ಫೋನ್ ಬಂತು. ನಾನು ಹೆದರಿಕೊಂಡೇ ಎತ್ತಿದೆ. ಆ ಕಡೆ ಮೊದಲು ಕೇಳಿಸಿದ್ದು ಕಸದ ಗಾಡಿಯ ಹಾಡು, ಆಮೇಲೆ ಕಲ್ಲಿನ ಅಂಗಳದ ಮೇಲೆ ಗೊರಸಿನ ಸದ್ದು.

"ಕೇಳ್ತಾ? ಕುಣೀತಾ ಇದೆ," ಎಂದ ಮಾವ ಫೋನ್ ಕಟ್ ಮಾಡುವುದನ್ನೇ ಮರೆತು ಒಳಗೆ ಓಡಿದರು. ಹಾಡು ದೂರವಾಯಿತು. ಮಂಚ ಕಿರುಗುಟ್ಟಿತು. ಆಮೇಲೆ ಅವರ ಮೆಲ್ಲನೆಯ ದನಿ:

"ನೀನು ಹೇಳಿದ್ದೇ ಸರಿಯಾಯ್ತು ನೋಡು."